ಮೊದಲ ಗೇಮಿಂಗ್ ಪಿಸಿ: ದುಡ್ಡು ಎಲ್ಲಿ ಹಾಕಬೇಕು, ಕೈ ಎಲ್ಲಿ ನಿಧಾನ ಮಾಡಬೇಕು

‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಗೇಮಿಂಗ್ ಪಿಸಿ’ ಅಂತ ಹಾಕಿ, ನಂಬಲಾಗದಷ್ಟು ಕಡಿಮೆ ರೇಟಿಗೆ ಮಾರುವ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಪೂರ್ತಿ ಮಾಡೆಲ್ ನಂಬರ್ ಏನು? ಎಷ್ಟೋ ಸಲ ಆ ಐ7 ಅಂದರೆ ಐ7-3770 ಆಗಿರುತ್ತದೆ. ಅದು 2012ರ, 3ನೇ ಜನರೇಶನ್‌ನ ಪ್ರೊಸೆಸರ್. ಆ 4 ಜಿಬಿ ಕಾರ್ಡ್ ಜಿಟಿ 730 ಆಗಿರುತ್ತದೆ, ಅದು 2014ರದ್ದು. ಇಂಟೆಲ್‌ನಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಬಹುಮಟ್ಟಿಗೆ 8ನೇ ಜನರೇಶನ್‌ನಿಂದ ಈಚೆಗೆ ಮಾತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಪಿಸಿ ತಗೊಂಡರೆ ಮೊದಲ ದಿನದಿಂದಲೇ ಅದು ಹಳೆಯದು.

ಮೊದಲ ಪಿಸಿಗೆ ಹಾಕುವ ದುಡ್ಡು ಸುಲಭದ ದುಡ್ಡಲ್ಲ. ಮನೆಯಲ್ಲಿ ಒಂದೇ ಸಲ ಕೇಳಬಹುದಾದ ದುಡ್ಡು, ಇಲ್ಲವೇ ಹೊಸ ಕೆಲಸದ ಸಂಬಳದಲ್ಲಿ ತಿಂಗಳುಗಟ್ಟಲೆ ಉಳಿಸಿದ್ದು. ಅದು ಹೆಸರಿಗೆ, ಲೈಟಿಗೆ ಹೋಗದೆ ಆಟಕ್ಕೇ ಹೋಗಬೇಕು, ಐದಾರು ವರ್ಷ ಬಾಳಬೇಕು. ಪಾರ್ಟ್‌ಗಳನ್ನು ನೀವೇ ಆರಿಸಿ ನೀವೇ ಜೋಡಿಸಿದರೆ ಇದು ಖಂಡಿತ ಸಾಧ್ಯ. ಬೇಕಾಗುವುದು ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ಒಂದು ಬಿಡುವಿನ ದಿನ, ತಾಳ್ಮೆ.

ಮಾನಿಟರ್‌ನಿಂದ ಶುರು ಮಾಡಿ

ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದ್ದು ಮಾನಿಟರ್‌ನಿಂದ, ಮತ್ತು ನೀವು ನಿಜವಾಗಿ ಆಡುವ ಆಟಗಳಿಂದ. ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್ 2 ಆಡುವವರಿಗೆ ಬೇಕಾಗುವುದು ಜಾಸ್ತಿ ಫ್ರೇಮ್, ಅಂದರೆ ಸೆಕೆಂಡಿಗೆ ಜಾಸ್ತಿ ಚಿತ್ರ. ಅವರಿಗೆ 1080ಪಿ ರೆಸಲ್ಯೂಶನ್, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಅಥವಾ ಮೇಲಿನ ಮಾನಿಟರ್ ಸಾಕು, ಗ್ರಾಫಿಕ್ಸ್ ಕಾರ್ಡ್‌ಗಿಂತ ಪ್ರೊಸೆಸರ್ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಸೈಬರ್‌ಪಂಕ್ 2077 ತರದ ಆಟ ಚೆಂದವಾಗಿ ಕಾಣಬೇಕು ಅನ್ನುವವರಿಗೆ ಉಲ್ಟಾ, ಅಲ್ಲಿ ಗ್ರಾಫಿಕ್ಸ್ ಕಾರ್ಡೇ ಎಲ್ಲ. 1440ಪಿ ಮಾನಿಟರ್ ತಗೊಂಡರೆ ಪ್ರತಿ ಫ್ರೇಮಿಗೂ 1080ಪಿಗಿಂತ ಸುಮಾರು 78 ಶೇಕಡಾ ಜಾಸ್ತಿ ಪಿಕ್ಸೆಲ್ ಬಿಡಿಸಬೇಕು, ಅದಕ್ಕೆ ತಕ್ಕ ಕಾರ್ಡ್ ಬೇಕು. ಬಜೆಟ್ ಹಾಕುವಾಗ ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಎಲ್ಲ ಸೇರಿಸಿಯೇ ಹಾಕಿ. ಇವನ್ನು ಬಿಟ್ಟು ಲೆಕ್ಕ ಹಾಕಿದರೆ ಕೊನೆಗೆ ಕೈಯಲ್ಲಿ ದುಡ್ಡಿಲ್ಲದೆ 60 ಹರ್ಟ್ಸ್‌ನ ಹಳೇ ಮಾನಿಟರ್ ಮುಂದೆ ಕೂರಬೇಕಾಗುತ್ತದೆ, ಅಷ್ಟು ಖರ್ಚು ಮಾಡಿದ್ದು ಕಣ್ಣಿಗೇ ಕಾಣುವುದಿಲ್ಲ.

ಪ್ರೊಸೆಸರ್, ಬೋರ್ಡ್, ಕಾರ್ಡ್

ಮೊದಲ ಬಿಲ್ಡ್‌ಗೆ 6 ಕೋರ್, 12 ಥ್ರೆಡ್ ಇರುವ ಪ್ರೊಸೆಸರ್ ಧಾರಾಳ ಸಾಕು. ಬಜೆಟ್ ಬಿಗಿಯಾಗಿದ್ದರೆ ಎಎಂಡಿ ಕಂಪನಿಯ ರೈಜನ್ 5 5600, ಅದು ಎಎಂ4 ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ), ಡಿಡಿಆರ್4 ರ‍್ಯಾಮ್. ಸ್ವಲ್ಪ ಕೈ ಬಿಡುವಿದ್ದರೆ ರೈಜನ್ 5 7600, ಅದು ಎಎಂ5, ಡಿಡಿಆರ್5. ಎಎಂ4 2016ರಲ್ಲಿ ಬಂದದ್ದು, ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ಎಎಂ5 2022ರದ್ದು, ಮುಂದೆ ಮದರ್‌ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ಅದರಲ್ಲಿ ತೆರೆದಿದೆ. ಎರಡು ಮೂರು ವರ್ಷ ಬಿಟ್ಟು ಅಪ್‌ಗ್ರೇಡ್ ಮಾಡುವ ಆಸೆ ಇದ್ದರೆ ಎಎಂ5ಗೆ ಹೋಗಿ. ಆ ಆಸೆ ಇಲ್ಲದಿದ್ದರೆ ಎಎಂ4ನಲ್ಲಿ ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ.

5600, 7600 ಎರಡೂ 65 ವ್ಯಾಟ್‌ನವು, ಬಾಕ್ಸ್‌ನಲ್ಲೇ ಕೂಲರ್ ಬರುತ್ತದೆ. ಅಂಗಡಿಯಲ್ಲಿ ‘ಟ್ರೇ’ ಪ್ರೊಸೆಸರ್ ಕಡಿಮೆ ರೇಟಿಗೆ ಕೊಡುತ್ತೇವೆ ಅಂದರೆ ಬಾಕ್ಸ್ ಇರುವುದಿಲ್ಲ ಅಂತ ಅರ್ಥ. ಕೂಲರ್ ಇದೆಯಾ, ವಾರಂಟಿ ಯಾರು ಕೊಡುತ್ತಾರೆ, ಎಷ್ಟು ವರ್ಷ, ಬಿಲ್ಲಿನಲ್ಲಿ ಬರೆದುಕೊಡುತ್ತೀರಾ ಅಂತ ಕೇಳಿ. ಬಾಕ್ಸ್ ಪೀಸ್‌ಗೆ ಎಎಂಡಿ 3 ವರ್ಷ ಕೊಡುತ್ತದೆ. ಇಂಟೆಲ್ ತಗೊಳ್ಳುವವರು ಹೆಸರಿನ ಕೊನೆಯಲ್ಲಿ ‘ಎಫ್’ ಇದೆಯಾ ನೋಡಿ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಸ್ಕ್ರೀನ್ ಬರುವುದೇ ಇಲ್ಲ. ರೈಜನ್ 5600ರಲ್ಲೂ ಇಲ್ಲ, 7600ರಲ್ಲಿ ಸಣ್ಣದೊಂದು ಇದೆ.

ಮದರ್‌ಬೋರ್ಡ್ ಎಎಂ4ಗೆ ಬಿ550, ಎಎಂ5ಗೆ ಬಿ650 ಸಾಕು. ಎಕ್ಸ್ ಸರಣಿಯ ದುಬಾರಿ ಬೋರ್ಡ್‌ನಿಂದ ಆಟದಲ್ಲಿ ಫ್ರೇಮ್ ಏರುವುದಿಲ್ಲ. ಹಳೇ ಬಿ450 ಬೋರ್ಡ್ ಅಗ್ಗಕ್ಕೆ ಸಿಕ್ಕರೆ ಬಯೋಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆಯಾ ಕೇಳಿಕೊಳ್ಳಿ, ಇಲ್ಲದಿದ್ದರೆ 5000 ಸರಣಿಯ ಪ್ರೊಸೆಸರ್ ಅದರಲ್ಲಿ ಆನ್ ಆಗುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್‌ಗೆ ಒಟ್ಟು ಬಜೆಟ್‌ನ ಮೂರನೇ ಒಂದು ಭಾಗದಿಂದ 40 ಶೇಕಡಾವರೆಗೆ ಇಡಿ. 1080ಪಿಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಅಥವಾ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ನೋಡಬಹುದು. 9060 ಎಕ್ಸ್‌ಟಿ 8 ಜಿಬಿ ಮತ್ತು 16 ಜಿಬಿ ಎರಡರಲ್ಲೂ ಬರುತ್ತದೆ (ಇದು ಕಾರ್ಡಿನದೇ ಮೆಮೊರಿ, ಪಿಸಿಯ ರ‍್ಯಾಮ್ ಅಲ್ಲ), ವ್ಯತ್ಯಾಸ ಭರಿಸಬಹುದಾದರೆ 16ರದ್ದೇ ತಗೊಳ್ಳಿ, ಹೊಸ ಆಟಗಳಲ್ಲಿ 8 ಜಿಬಿ ಈಗಲೇ ಬಿಗಿಯಾಗುತ್ತಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060 12 ಜಿಬಿ ಇವತ್ತಿಗೂ ಚೆನ್ನಾಗಿವೆ, ಆದರೆ ಎದುರಿಗೆ ಅರ್ಧ ಗಂಟೆ ಆಟ ಓಡಿಸಿ ತೋರಿಸದೆ ದುಡ್ಡು ಕೊಡಬೇಡಿ. ಫ್ಯಾನ್ ಶಬ್ದ, ಸ್ಕ್ರೀನ್ ಮೇಲೆ ಚುಕ್ಕೆ ಗೆರೆ, ಟೆಂಪರೇಚರ್, ಮೂರನ್ನೂ ನೋಡಿ.

ಕಾರ್ಡ್‌ಗೆ ಈಗ ದುಡ್ಡೇ ಇಲ್ಲ ಅನ್ನುವವರಿಗೂ ದಾರಿ ಇದೆ. ರೈಜನ್ 5600ಜಿ ಅಥವಾ 8600ಜಿ ಹಾಕಿ. ಒಳಗಿನ ಗ್ರಾಫಿಕ್ಸ್‌ನಲ್ಲೇ ವ್ಯಾಲೊರೆಂಟ್, ಜಿಟಿಎ 5 ತರದ್ದು ಕಡಿಮೆ ಸೆಟ್ಟಿಂಗ್‌ನಲ್ಲಿ ಆಡಬಹುದು. ಕಾರ್ಡ್ ಮುಂದಿನ ವರ್ಷ ಸೇರಿಸಬಹುದು. ಜಿಟಿ 710, 730 ಮಾತ್ರ ಬೇಡ, ಈ ಒಳಗಿನ ಗ್ರಾಫಿಕ್ಸೇ ಅದಕ್ಕಿಂತ ಜೋರು.

ರ‍್ಯಾಮ್ 16 ಜಿಬಿ, ಅದೂ 8ರ ಎರಡು ಸ್ಟಿಕ್. ಒಂದೇ ಸ್ಟಿಕ್ ಹಾಕಿದರೆ ಮೆಮೊರಿಗೆ ಇರುವ ಎರಡು ದಾರಿಯಲ್ಲಿ ಒಂದು ಮುಚ್ಚಿದಂತೆ, ಒಳಗಿನ ಗ್ರಾಫಿಕ್ಸ್‌ನಲ್ಲಿ ಆಡುವವರಿಗಂತೂ ಇದು ದೊಡ್ಡ ಹೊಡೆತ. 2025ರ ಕೊನೆಯಿಂದ ರ‍್ಯಾಮ್ ರೇಟ್ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಹಾಗಾಗಿ ಹಳೇ ವಿಡಿಯೊದಲ್ಲಿ ಹೇಳಿದ ಬಜೆಟ್ ನಂಬಿ ಹೊರಡಬೇಡಿ, ಆವತ್ತಿನ ರೇಟ್ ನೋಡಿ. ಎಸ್‌ಎಸ್‌ಡಿ (ವಿಂಡೋಸ್, ಆಟಗಳು ಕೂರುವ ಜಾಗ) 1 ಟಿಬಿ ಎನ್‌ವಿಎಂಇ (ಬೋರ್ಡ್ ಮೇಲೇ ಕೂರುವ ವೇಗದ ಬಗೆ) ಆದರೆ ಒಳ್ಳೆಯದು, 500 ಜಿಬಿ ಆದರೆ ನಾಲ್ಕೈದು ದೊಡ್ಡ ಆಟಕ್ಕೇ ತುಂಬಿಹೋಗುತ್ತದೆ.

ಎಸ್‌ಎಂಪಿಎಸ್‌ನಲ್ಲಿ ಕೈ ಹಿಡಿತ ಬೇಡ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಎಲ್ಲ ಪಾರ್ಟ್‌ಗೂ ಕರೆಂಟ್ ಹೋಗುವುದು ಎಸ್‌ಎಂಪಿಎಸ್ ಅನ್ನುವ ಈ ಪವರ್ ಸಪ್ಲೈ ಡಬ್ಬಿಯ ಮೂಲಕ. ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬರುವ, ಮೇಲೆ ದೊಡ್ಡದಾಗಿ ‘500 ವ್ಯಾಟ್’ ಅಂತ ಸ್ಟಿಕ್ಕರ್ ಹಚ್ಚಿರುವ ಹಗುರ ಡಬ್ಬಿ ಗೇಮಿಂಗ್‌ಗೆ ಆಗುವುದಿಲ್ಲ. ಕೈಯಲ್ಲಿ ಹಿಡಿದು ನೋಡಿ, ಒಳ್ಳೆಯ ಎಸ್‌ಎಂಪಿಎಸ್ ಪಕ್ಕದಲ್ಲಿ ಅದರ ತೂಕವೇ ಇರುವುದಿಲ್ಲ. ಲೇಬಲ್ ಮೇಲೆ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್ಸ್ ಬರೆದಿದೆ ಓದಿ, 12ರಿಂದ ಗುಣಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಗೊಳ್ಳುವುದು ಆ ಸಾಲಿನಿಂದಲೇ. ಒಳ್ಳೆಯ 550 ವ್ಯಾಟ್ ಯೂನಿಟ್‌ನಲ್ಲಿ ಹೆಚ್ಚುಕಡಿಮೆ ಅಷ್ಟೂ ವ್ಯಾಟ್ 12 ವೋಲ್ಟ್‌ನಲ್ಲೇ ಸಿಗುತ್ತದೆ, ಅಗ್ಗದ್ದರಲ್ಲಿ ಅರ್ಧವೂ ಇರದೇ ಹೋಗಬಹುದು.

ಎಷ್ಟು ವ್ಯಾಟ್ ಬೇಕು? ರೈಜನ್ 7600 ಪೂರ್ತಿ ಓಡಿದರೆ ಸುಮಾರು 88, ಆರ್‌ಟಿಎಕ್ಸ್ 5060 ಕಾರ್ಡ್ 145, ಬೋರ್ಡ್, ರ‍್ಯಾಮ್, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಸೇರಿ ಇನ್ನೊಂದು 50-60. 300ರ ಆಸುಪಾಸು. ಎನ್‌ವಿಡಿಯಾ ಈ ಕಾರ್ಡ್‌ಗೆ ಹೇಳುವುದೂ 550 ವ್ಯಾಟ್ ಎಸ್‌ಎಂಪಿಎಸ್. ಹಾಗಾಗಿ ಹೆಸರಿರುವ ಕಂಪನಿಯ 550 ಅಥವಾ 650 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ವ್ಯರ್ಥ ಮಾಡುತ್ತದೆ ಅನ್ನುವ ಗುರುತು), 5 ವರ್ಷ ವಾರಂಟಿ ಇರುವುದು ತಗೊಳ್ಳಿ. ಸುಮ್ನೆ 850ಕ್ಕೆ ಹೋಗುವುದು ಬೇಡ.

ಇಲ್ಲೇ ಮನೆಯ ಕರೆಂಟ್ ವಿಷಯವನ್ನೂ ನೋಡಿಬಿಡಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಅರ್ಥಿಂಗ್ ಸರಿ ಇಲ್ಲ. ಪಿಸಿ ತರುವ ಮುಂಚೆಯೇ ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್‌ನಲ್ಲಿ ಫೇಸ್‌ಗೂ ಅರ್ಥ್‌ಗೂ ಮಧ್ಯೆ 230ರ ಹತ್ತಿರ, ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಬರೀ ಒಂದೆರಡು ವೋಲ್ಟ್ ಬರುತ್ತಿದೆಯಾ ಅಂತ ನೋಡಿಸಿ. ಯುಪಿಎಸ್ ವಿಷಯದಲ್ಲಿ, ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ ಎಳೆಯುವುದು ಸುಮಾರು 360 ವ್ಯಾಟ್ ಮಾತ್ರ. ಮಾನಿಟರ್ ಸೇರಿ ಆಟ ನಡೆಯುತ್ತಿರುವಾಗ ಕರೆಂಟ್ ಹೋದರೆ ಅದು ತಾಳದೆ ಪಿಸಿಯೂ ಆಫ್ ಆಗುವ ಸಾಧ್ಯತೆ ಇದೆ. 1000 ವಿಎ ಹತ್ತಿರದ್ದು ನೋಡಿ. ಮನೆಗೆ ಇನ್ವರ್ಟರ್ ಇದ್ದು ಅದರಲ್ಲೇ ನಡೆಸುವುದಾದರೆ ಸೈನ್ ವೇವ್ ಇನ್ವರ್ಟರ್ ಆಗಿರಬೇಕು, ಮತ್ತು ಅದರ ಹಿಂದೆ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಆಗ ಬ್ಯಾಟರಿಗೆ ಬದಲಾಗುವುದು ಬೇಗ ಆಗುತ್ತದೆ, ಪಿಸಿ ರೀಸ್ಟಾರ್ಟ್ ಆಗುವುದಿಲ್ಲ.

ಕ್ಯಾಬಿನೆಟ್ ಮುಂದೆ ಗಾಜು ಮುಚ್ಚಿದ್ದಲ್ಲ, ಜಾಲರಿ ಇರುವುದು ತಗೊಳ್ಳಿ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಏಪ್ರಿಲ್-ಮೇನಲ್ಲಿ ರಾಯಚೂರು, ಕಲಬುರಗಿಯ ಬಿಸಿಲು 40 ದಾಟಿದಾಗ ಒಳಗೆ ಗಾಳಿ ಆಡದಿದ್ದರೆ ಕಾರ್ಡ್ ತಾನಾಗೇ ಸ್ಪೀಡ್ ಇಳಿಸಿಕೊಳ್ಳುತ್ತದೆ.

ಕೊಳ್ಳುವಾಗ

ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡ್ ಇದ್ದೇ ಇದೆ, ಕಂಪ್ಯೂಟರ್ ಪಾರ್ಟ್ ಅಂಗಡಿಗಳ ಬೀದಿ. ಚಿಕ್ಕಪೇಟೆ ಮೆಟ್ರೋದಿಂದ ನಡೆದುಕೊಂಡೇ ಹೋಗಬಹುದು. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ಮಾಡೆಲ್ ನಂಬರ್ ಸಮೇತ ಲಿಸ್ಟ್ ಬರೆದುಕೊಂಡು ಹೋಗಿ, ಮೂರ್ನಾಲ್ಕು ಕಡೆ ಕೊಟೇಶನ್ ಬರೆಸಿಕೊಳ್ಳಿ. ಆನ್‌ಲೈನ್ ರೇಟ್ ಮೊಬೈಲ್‌ನಲ್ಲಿ ತೆರೆದಿಟ್ಟುಕೊಳ್ಳಿ, ತೋರಿಸಿ ಕೇಳಿದರೆ ತಪ್ಪೇನಿಲ್ಲ. ‘ಅದು ಸ್ಟಾಕ್ ಇಲ್ಲ, ಇದು ಅದಕ್ಕಿಂತ ಚೆನ್ನಾಗಿದೆ’ ಅಂದಾಗ ಅಲ್ಲೇ ಒಪ್ಪದೆ ಹೊರಗೆ ಬಂದು ಆ ಮಾಡೆಲ್ ಹುಡುಕಿ ನೋಡಿ, ಆಮೇಲೆ ತೀರ್ಮಾನ ಮಾಡಿ. ‘ಬಿಲ್ ಬೇಡ ಅಂದರೆ ಜಿಎಸ್‌ಟಿ ಉಳಿಯುತ್ತದೆ’ ಅನ್ನುವ ಮಾತಿಗೆ ಬೀಳಬೇಡಿ. 18 ಶೇಕಡಾ ದೊಡ್ಡ ಮೊತ್ತವೇ, ನಿಜ. ಆದರೆ ಎರಡು ವರ್ಷ ಬಿಟ್ಟು ಕಾರ್ಡ್ ಕೆಟ್ಟಾಗ ಸರ್ವಿಸ್ ಸೆಂಟರ್‌ನಲ್ಲಿ ಕೇಳುವುದು ಆ ಬಿಲ್ಲನ್ನೇ. ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ, ಬಾಕ್ಸ್ ಮೇಲಿನದಕ್ಕೆ ಹೋಲಿಸಿ, ಫೋಟೊ ತೆಗೆದಿಡಿ. ಹುಬ್ಬಳ್ಳಿ, ಮೈಸೂರು, ಮಂಗಳೂರಿನವರು ಆನ್‌ಲೈನ್‌ನಲ್ಲಿ ತರಿಸಿದರೆ ಬಾಕ್ಸ್ ಒಡೆಯುವುದನ್ನು ಪೂರ್ತಿ ವಿಡಿಯೊ ಮಾಡಿ, ಎಲ್ಲೂ ಕಟ್ ಮಾಡದೆ.

ಜೋಡಣೆ

ದೊಡ್ಡ ಮೇಜು, ಒಳ್ಳೆಯ ಬೆಳಕು. ಉಣ್ಣೆ ಅಥವಾ ಸಿಲ್ಕ್ ಬಟ್ಟೆ ಹಾಕಿಕೊಂಡು ಕೂರಬೇಡಿ, ಆಗಾಗ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹ ಮುಟ್ಟುತ್ತಿರಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯುತ್ತದೆ. ಮದರ್‌ಬೋರ್ಡ್ ಅನ್ನು ಅದರದ್ದೇ ರಟ್ಟಿನ ಡಬ್ಬದ ಮೇಲೆ ಇಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್, ಎಸ್‌ಎಸ್‌ಡಿ ನಾಲ್ಕನ್ನೂ ಹೊರಗೇ ಹಾಕಿ. ಕ್ಯಾಬಿನೆಟ್ ಒಳಗೆ ಕೈ ಆಡುವುದಿಲ್ಲ.

ಪ್ರೊಸೆಸರ್ ಕೂರಿಸುವುದು ಎರಡು ನಿಮಿಷದ ಕೆಲಸ, ಆದರೆ ಇಡೀ ಬಿಲ್ಡ್‌ನಲ್ಲಿ ಅತಿ ಜೋಪಾನದ್ದು. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್ ಕೆಳಗೆ, ಎಎಂ5 ಮತ್ತು ಇಂಟೆಲ್‌ನಲ್ಲಿ ಬೋರ್ಡ್‌ನ ಸಾಕೆಟ್ ಒಳಗೆ. ಲಿವರ್ ಎತ್ತಿ. ಪ್ರೊಸೆಸರ್‌ನ ಒಂದು ಮೂಲೆಯಲ್ಲಿ ಸಣ್ಣ ತ್ರಿಕೋನ ಇದೆ, ಸಾಕೆಟ್‌ನ ಒಂದು ಮೂಲೆಯಲ್ಲೂ ಇದೆ. ಎರಡೂ ಒಂದೇ ಕಡೆ ಬರುವಂತೆ, ಅಂಚುಗಳನ್ನು ಮಾತ್ರ ಹಿಡಿದು, ನೇರವಾಗಿ ಮೇಲಿನಿಂದ ಇಳಿಸಿ ಬಿಟ್ಟುಬಿಡಿ. ತನ್ನ ಭಾರಕ್ಕೇ ಕೂರಬೇಕು. ಒತ್ತಬೇಡಿ. ಕೂರಲಿಲ್ಲ ಅಂದರೆ ಎತ್ತಿ ಮತ್ತೆ ನೋಡಿ. ಎಎಂ5ನಲ್ಲಿ ಆಮೇಲೆ ಲಿವರ್ ಇಳಿಸುವಾಗ ಸಾಕಷ್ಟು ಬಲ ಬೇಕಾಗುತ್ತದೆ, ಕಿರ್ ಅನ್ನುವ ಸದ್ದೂ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆಗ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತಾನಾಗೇ ಹಾರಿಬರುತ್ತದೆ. ಅದನ್ನು ಬಿಸಾಡಬೇಡಿ, ಬೋರ್ಡ್ ವಾರಂಟಿಗೆ ಕಳಿಸುವಾಗ ಬೇಕಾಗುತ್ತದೆ.

ಬಾಕ್ಸ್ ಜೊತೆ ಬರುವ ಕೂಲರ್‌ನ ತಳಕ್ಕೆ ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಮುಟ್ಟಬೇಡಿ, ಮೇಲೆ ಇನ್ನೊಂದು ಪದರವೂ ಬೇಡ. ಎಎಂಡಿ ಬೋರ್ಡ್ ಮೇಲೆ ಎರಡು ಕಡೆ ಇರುವ ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು. ಎಎಂ4ನಲ್ಲಿ ಅದನ್ನು ಬಿಚ್ಚುವಾಗ ಬೋರ್ಡ್ ಹಿಂದಿನ ಲೋಹದ ಪ್ಲೇಟ್ ಕಳಚಿ ಬೀಳುತ್ತದೆ, ಒಂದು ಕೈಯಲ್ಲಿ ಹಿಡಿದಿಟ್ಟುಕೊಳ್ಳಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ, ಪ್ರತಿಯೊಂದಕ್ಕೂ ಎರಡೆರಡು ಸುತ್ತು ಹಾಕುತ್ತಾ ಬಿಗಿಸಿ. ಒಂದೇ ಕಡೆ ಪೂರ್ತಿ ಬಿಗಿಸಿದರೆ ಇನ್ನೊಂದು ಮೂಲೆ ಮೇಲೇಳುತ್ತದೆ. ಕೊನೆಗೆ ಫ್ಯಾನ್ ವೈರನ್ನು ‘ಸಿಪಿಯು ಫ್ಯಾನ್’ ಅಂತ ಬರೆದ ಕಡೆ ಹಾಕಿ.

ರ‍್ಯಾಮ್ ಸ್ಲಾಟ್ ನಾಲ್ಕಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಟಕ್ ಅನ್ನುವವರೆಗೆ ಎರಡೂ ತುದಿ ಒತ್ತಿ. ಇಲ್ಲಿ ಸ್ವಲ್ಪ ಬಲ ಹಾಕಬಹುದು. ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ಸಣ್ಣ ಸ್ಕ್ರೂ ಹಾಕಿ.

ಕ್ಯಾಬಿನೆಟ್‌ಗೆ ಇಳಿಸುವ ಮುಂಚೆ ಹಿಂದಿನ ಐಒ ಪ್ಲೇಟ್ (ಬೋರ್ಡ್‌ನ ಪೋರ್ಟ್‌ಗಳ ಸುತ್ತ ಕೂರುವ ತಗಡು) ಬಿಡಿಯಾಗಿ ಬಂದಿದ್ದರೆ ಒಳಗಿನಿಂದ ಒತ್ತಿ ಕೂರಿಸಿ. ಬೋರ್ಡ್ ಕೂರುವ ಹಿತ್ತಾಳೆ ಬಣ್ಣದ ಸ್ಟ್ಯಾಂಡ್‌ಆಫ್‌ಗಳು ನಿಮ್ಮ ಬೋರ್ಡ್‌ನ ತೂತುಗಳಿಗೆ ಸರಿಯಾಗಿ ಇವೆಯಾ ನೋಡಿ. ಬೋರ್ಡ್ ಕೆಳಗೆ ಬೇಡದ ಕಡೆ ಒಂದು ಉಳಿದುಬಿಟ್ಟರೆ ಅದು ಹಿಂದಿನ ಬೆಸುಗೆಗೆ ತಾಗಿ ಶಾರ್ಟ್ ಆಗಬಹುದು.

ಇನ್ನು ಎಸ್‌ಎಂಪಿಎಸ್‌ನಿಂದ ಬರುವ ವೈರ್. 24 ಪಿನ್ನಿನ ದೊಡ್ಡದು ಬೋರ್ಡ್‌ನ ಬಲ ಅಂಚಿಗೆ. ಮೇಲೆ ಎಡ ಮೂಲೆಯಲ್ಲಿ 8 ಪಿನ್ನಿನದು ಪ್ರೊಸೆಸರ್‌ಗೆ, ಇದನ್ನು ಮರೆತು ‘ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಬರುತ್ತಿಲ್ಲ’ ಅನ್ನುವವರು ಬಹಳ. ಗ್ರಾಫಿಕ್ಸ್ ಕಾರ್ಡ್‌ಗೂ 8 ಪಿನ್ನೇ, ಆದರೆ ಬೇರೆ. ಪ್ರೊಸೆಸರ್‌ನದು 4+4 ಆಗಿ ಬಿಡಿಸಿಕೊಳ್ಳುತ್ತದೆ, ಕಾರ್ಡ್‌ನದು 6+2 ಆಗಿ. ಕೇಬಲ್ ಮೇಲೆ ‘ಸಿಪಿಯು’, ‘ಪಿಸಿಐಇ’ ಅಂತ ಬರೆದಿರುತ್ತದೆ. ಹೋಗಲ್ಲ ಅಂದದ್ದನ್ನು ತುರುಕಬೇಡಿ.

ಕೆಳಗೆ ಬಲ ಮೂಲೆಯಲ್ಲಿ ಪವರ್ ಸ್ವಿಚ್, ರೀಸೆಟ್, ಎಲ್‌ಇಡಿಗಳ ಸಣ್ಣ ಸಣ್ಣ ಪಿನ್. ಬೋರ್ಡ್ ಪುಸ್ತಕದ ಚಿತ್ರ ನೋಡಿಯೇ ಹಾಕಿ. ಸ್ವಿಚ್‌ಗಳಿಗೆ ಪ್ಲಸ್ ಮೈನಸ್ ಇಲ್ಲ, ಎಲ್‌ಇಡಿಗೆ ಇದೆ, ಉಲ್ಟಾ ಆದರೆ ಲೈಟ್ ಹತ್ತುವುದಿಲ್ಲ ಅಷ್ಟೆ. ಗ್ರಾಫಿಕ್ಸ್ ಕಾರ್ಡ್ ಕೊನೆಗೆ, ಮೇಲಿನ ಉದ್ದದ ಸ್ಲಾಟ್‌ಗೆ. ಹಿಂದೆ ಸ್ಕ್ರೂ ಹಾಕದೆ ಬಿಡಬೇಡಿ, ಕಾರ್ಡ್ ಭಾರಕ್ಕೆ ಬಾಗುತ್ತದೆ.

ಮೊದಲ ಸಲ ಆನ್ ಮಾಡಿದಾಗ

ಎಚ್‌ಡಿಎಂಐ ಕೇಬಲ್ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೇ ಹಾಕಿ, ಬೋರ್ಡ್‌ಗಲ್ಲ. ಡಿಡಿಆರ್5 ಇರುವ ಎಎಂ5 ಬೋರ್ಡ್ ಮೊದಲ ಸಲ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತದೆ. ಸ್ಕ್ರೀನ್ ಕಪ್ಪಾಗೇ ಇರುತ್ತದೆ. ಗಾಬರಿಯಾಗಿ ಆಫ್ ಮಾಡಬೇಡಿ, ಒಂದು ಹತ್ತು ಹದಿನೈದು ನಿಮಿಷ ಬಿಡಿ. ಅಷ್ಟಾದರೂ ಬರಲಿಲ್ಲ ಅಂದರೆ ಬೋರ್ಡ್ ಮೇಲೆ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ಸಣ್ಣ ಲೈಟ್‌ಗಳಲ್ಲಿ ಯಾವುದು ಹತ್ತಿ ನಿಂತಿದೆ ನೋಡಿ. ಡಿರ‍್ಯಾಮ್ ಆದರೆ ಆಫ್ ಮಾಡಿ, ಮೇನ್ ಸ್ವಿಚ್ ತೆಗೆದು, ಒಂದೇ ಸ್ಟಿಕ್ ಹಾಕಿ ನೋಡಿ. ವಿಜಿಎ ಆದರೆ ಕಾರ್ಡ್ ಪೂರ್ತಿ ಕೂತಿದೆಯಾ, ಪವರ್ ವೈರ್ ಇದೆಯಾ ನೋಡಿ. ಮೊದಲ ಬಿಲ್ಡ್‌ನಲ್ಲಿ ಪಾರ್ಟ್ ಕೆಟ್ಟಿರುವುದಕ್ಕಿಂತ ಏನೋ ಒಂದು ಪೂರ್ತಿ ಕೂರದೇ ಇರುವುದೇ ಜಾಸ್ತಿ.

ಬಯೋಸ್ ತೆರೆದುಕೊಂಡರೆ ಎರಡು ಕೆಲಸ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ, ಇಲ್ಲದಿದ್ದರೆ ನೀವು ದುಡ್ಡು ಕೊಟ್ಟ 6000 ಸ್ಪೀಡಿನ ಡಿಡಿಆರ್5 ರ‍್ಯಾಮ್ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ. ಹಾಗೇ ಟಿಪಿಎಂ, ಸೆಕ್ಯೂರ್ ಬೂಟ್ ಅನ್ನುವ ಸುರಕ್ಷತೆಯ ಸೆಟ್ಟಿಂಗ್‌ಗಳು ಆನ್ ಇರಲಿ. ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ಇವೆರಡೂ ಇಲ್ಲದೆ ಶುರುವಾಗುವುದಿಲ್ಲ.

ವಿಂಡೋಸ್ ಹಾಕಲು 8 ಜಿಬಿ ಪೆನ್‌ಡ್ರೈವ್ ಸಾಕು, ಮೈಕ್ರೋಸಾಫ್ಟ್ ಸೈಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಮಾಡಿಟ್ಟುಕೊಳ್ಳಿ. ಬೋರ್ಡ್ ಕಂಪನಿಯ ಸೈಟ್‌ನಿಂದ ವೈಫೈ ಮತ್ತು ಲ್ಯಾನ್ ಡ್ರೈವರ್ ಕೂಡ ಅದರಲ್ಲೇ ಹಾಕಿಡಿ, ಇನ್‌ಸ್ಟಾಲ್ ಮಧ್ಯೆ ನೆಟ್ ಕೇಳಿದಾಗ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ. ಕ್ರ್ಯಾಕ್ ಮಾಡಿದ ವಿಂಡೋಸ್, ಆಕ್ಟಿವೇಟರ್ ಯಾವುದೂ ಬೇಡ. ಗೇಮ್ ಅಕೌಂಟ್, ಯುಪಿಐ, ಬ್ಯಾಂಕ್ ಎಲ್ಲ ಇದೇ ಮಷೀನ್‌ನಲ್ಲಿ ತೆರೆಯುತ್ತೀರಿ, ಅಲ್ವಾ?

ಗ್ರಾಫಿಕ್ಸ್ ಡ್ರೈವರ್ ಆದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ ನೋಡಿ. 144 ಹರ್ಟ್ಸ್ ಮಾನಿಟರ್ 60ರಲ್ಲೇ ನಿಂತಿರುವುದು ತೀರಾ ಮಾಮೂಲು, ವರ್ಷಗಟ್ಟಲೆ ಹಾಗೇ ಆಡಿದವರಿದ್ದಾರೆ. ಎಚ್‌ಡಬ್ಲ್ಯುಇನ್ಫೊ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಒಂದು ಗಂಟೆ ಆಡಿ, ಟೆಂಪರೇಚರ್ ನೋಡಿ. ಪ್ರೊಸೆಸರ್, ಕಾರ್ಡ್ ಎರಡೂ 80ರ ಒಳಗಿದ್ದರೆ ನೆಮ್ಮದಿ. 90 ಮುಟ್ಟುತ್ತಿದ್ದರೆ ಕೂಲರ್ ಸ್ಕ್ರೂ, ಫ್ಯಾನ್ ದಿಕ್ಕು ನೋಡಿ, ಮುಂದಿನ ಫ್ಯಾನ್ ಗಾಳಿ ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು.

ಡಬ್ಬಗಳನ್ನು, ಮುಖ್ಯವಾಗಿ ಕಾರ್ಡ್ ಮತ್ತು ಬೋರ್ಡ್‌ನದು, ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿಡಿ. ಎರಡು ಮೂರು ತಿಂಗಳಿಗೊಮ್ಮೆ ಮುಂದಿನ ಜಾಲರಿ ಬಿಚ್ಚಿ ಧೂಳು ಒರೆಸಿ. ಬ್ಲೋವರ್ ಹಾಕುವುದಾದರೆ ಪಿಸಿ ಆಫ್ ಮಾಡಿ, ವೈರ್ ಕಿತ್ತು, ಫ್ಯಾನ್‌ಗಳನ್ನು ಬೆರಳಿನಿಂದ ಹಿಡಿದುಕೊಂಡು ಗಾಳಿ ಹಾಕಿ, ಇಲ್ಲದಿದ್ದರೆ ಅವು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.